ಸೈಕಾಲಜಿಯೋ ಕಂಪ್ಯೂಟರ್ ಸೈನ್ಸೋ: ಕೋರ್ಸಿನ ಹೆಸರು ಬಿಡಿ, ಎರಡನೇ ವರ್ಷದ ಸಿಲಬಸ್ ತೆರೆಯಿರಿ

ಪ್ರಶ್ನೆ: ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದೇನೆ. ಡಿಗ್ರಿಗೆ ಸೈಕಾಲಜಿ ತೆಗೆದುಕೊಳ್ಳಲೋ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳಲೋ ಗೊತ್ತಾಗುತ್ತಿಲ್ಲ. ಆನ್‌ಲೈನಿನಲ್ಲಿ ಆಸಕ್ತಿ ಪರೀಕ್ಷೆ ಬರೆದೆ, ‘ಎಸ್-ಐ’ ಎಂದು ಫಲಿತಾಂಶ ಬಂತು. ಹಾಗಾದರೆ ನನಗೆ ಸೈಕಾಲಜಿಯೇ ಸರಿಯೇ?

ಉತ್ತರ: ಆ ಎರಡು ಅಕ್ಷರಗಳಿಂದಲೇ ಶುರು ಮಾಡೋಣ. ಈ ಬಗೆಯ ಪರೀಕ್ಷೆಗಳ ಬೇರು ಇರುವುದು ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಹಾಲೆಂಡ್ 1959ರಲ್ಲಿ ಮುಂದಿಟ್ಟ ಸಿದ್ಧಾಂತದಲ್ಲಿ. ಅದರಲ್ಲಿ ಆಸಕ್ತಿಗಳಿಗೆ ಆರು ಗುಂಪು: ಕೈಕೆಲಸ, ಹುಡುಕಿ ತಿಳಿಯುವುದು, ಕಲೆ, ಜನರಿಗೆ ನೆರವಾಗುವುದು, ಮುಂದಾಳತ್ವ, ಲೆಕ್ಕಪತ್ರದ ಅಚ್ಚುಕಟ್ಟು. ನಿಮ್ಮ ‘ಎಸ್’ ಎಂದರೆ ಜನರಿಗೆ ನೆರವಾಗುವುದು, ‘ಐ’ ಎಂದರೆ ಹುಡುಕಿ ತಿಳಿಯುವುದು. ಈ ಜೋಡಿ ಸೈಕಾಲಜಿಗೆ ಹೊಂದುವಂತೆಯೇ ನರ್ಸಿಂಗಿಗೂ ಫಿಸಿಯೋಥೆರಪಿಗೂ ಹೊಂದುತ್ತದೆ. ಪರೀಕ್ಷೆ ಊರು ತೋರಿಸಿದೆ, ಮನೆ ನೀವೇ ಹುಡುಕಬೇಕು. ಇನ್ನೊಂದು ಮಾತು: ಅದು ಅಳೆಯುವುದು ಇಷ್ಟವನ್ನು, ಸಾಮರ್ಥ್ಯವನ್ನಲ್ಲ. ‘ಇತರರಿಗೆ ಸಹಾಯ ಮಾಡುವುದು ನಿಮಗೆ ಇಷ್ಟವೇ?’ ಎಂದು ಕೇಳಿದರೆ ಇಲ್ಲ ಎನ್ನಲು ಯಾರಿಗೆ ಮನಸ್ಸು ಬಂದೀತು?

ಈಗ ನೀವು ಸೇರಲು ಯೋಚಿಸುತ್ತಿರುವ ಎರಡೂ ಕೋರ್ಸುಗಳ ಪೂರ್ತಿ ಸಿಲಬಸ್ ತೆಗೆಯಿರಿ. ಮೊದಲ ವರ್ಷದ್ದನ್ನು ನೋಡಿ ತೀರ್ಮಾನಿಸಬೇಡಿ, ಅದು ಎಲ್ಲವನ್ನೂ ಮೇಲೆಮೇಲೆ ಪರಿಚಯಿಸುವ ವರ್ಷ. ವಿಷಯದ ನಿಜವಾದ ಮುಖ ಕಾಣುವುದು ಎರಡನೇ ವರ್ಷದಲ್ಲಿ. ಸೈಕಾಲಜಿಯಲ್ಲಿ ಆ ಹೊತ್ತಿಗೆ ಸ್ಟ್ಯಾಟಿಸ್ಟಿಕ್ಸ್, ಸಂಶೋಧನಾ ವಿಧಾನ, ಮಿದುಳು ಮತ್ತು ನರಗಳ ರಚನೆ, ಪ್ರಯೋಗದ ವರದಿ ಬರೆಯುವುದು ಬಂದು ಕೂತಿರುತ್ತವೆ. ಎದುರಿಗೆ ಕೂರಿಸಿಕೊಂಡು ಸಮಾಧಾನ ಹೇಳುವ ಕೌನ್ಸೆಲಿಂಗ್ ತರಬೇತಿ ಸಾಮಾನ್ಯವಾಗಿ ಪದವಿ ಮುಗಿದ ಮೇಲಿನ ಮಾತು. ಕಂಪ್ಯೂಟರ್ ಸೈನ್ಸಿನಲ್ಲಿ ಡಿಸ್ಕ್ರೀಟ್ ಗಣಿತ (ತರ್ಕ, ಎಣಿಕೆಯ ಗಣಿತ), ಡೇಟಾ ಸ್ಟ್ರಕ್ಚರ್ (ಮಾಹಿತಿ ಜೋಡಿಸಿಡುವ ಬಗೆಗಳು), ಅಲ್ಗಾರಿದಮ್ (ಸಮಸ್ಯೆ ಬಿಡಿಸುವ ಹಂತಹಂತದ ಕ್ರಮ), ಆಪರೇಟಿಂಗ್ ಸಿಸ್ಟಮ್. ಆ್ಯಪ್ ಮಾಡುವುದು ಇದರ ಒಂದು ಚಿಕ್ಕ ತುಣುಕು.

ಸಿಲಬಸ್ಸಿನಲ್ಲಿ ಕ್ರೆಡಿಟ್ ಅಂಕಣವನ್ನೂ ನೋಡಿ. ಯುರೋಪಿನ ಪದ್ಧತಿಯಲ್ಲಿ ಒಂದು ವರ್ಷಕ್ಕೆ 60 ಕ್ರೆಡಿಟ್, ಒಂದು ಕ್ರೆಡಿಟ್ಟಿಗೆ 25ರಿಂದ 30 ಗಂಟೆ ಕೆಲಸ. ಅಂದರೆ 6 ಕ್ರೆಡಿಟ್ಟಿನ ಒಂದು ಪೇಪರಿಗೆ 150ರಿಂದ 180 ಗಂಟೆ. ಪಾಠ ನಡೆಯುವುದು ಅದರಲ್ಲಿ ಸ್ವಲ್ಪ ಪಾಲು, ಮಿಕ್ಕಿದ್ದೆಲ್ಲ ನೀವು ಒಬ್ಬರೇ ಕೂತು ಮಾಡುವುದು. ಆದ್ದರಿಂದ ಕೇಳಿಕೊಳ್ಳಬೇಕಾದ ಪ್ರಶ್ನೆ, ಮೇಷ್ಟ್ರಿಲ್ಲದ ಆ ಗಂಟೆಗಳಲ್ಲಿ ನಾನು ಯಾವ ಕೆಲಸ ಮಾಡಬಲ್ಲೆ ಎಂಬುದು.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎರಡು ವಾರ, ಒಂದೊಂದು ವಿಷಯಕ್ಕೆ ಒಂದೂವರೆ ಗಂಟೆಯ ಆರು ಬೈಠಕ್. ವಿಡಿಯೊ ಬೇಡ, ಚೆನ್ನಾಗಿ ಹೇಳುವವರ ಬಾಯಲ್ಲಿ ಎಲ್ಲ ವಿಷಯವೂ ಚೆಂದವೇ.

ಸೈಕಾಲಜಿಗೆ 30 ಸೆಂ.ಮೀ. ಸ್ಕೇಲ್ ಸಾಕು. ಗೆಳೆಯರೊಬ್ಬರು ಅದನ್ನು ತುದಿಯಲ್ಲಿ ಹಿಡಿಯಲಿ, ಸೊನ್ನೆಯ ಗೆರೆ ನಿಮ್ಮ ಹೆಬ್ಬೆರಳು-ತೋರುಬೆರಳಿನ ನಡುವೆ ಇರಲಿ. ಹೇಳದೆ ಬಿಡಬೇಕು, ನೀವು ಹಿಡಿಯಬೇಕು, ಎಷ್ಟು ಸೆಂ.ಮೀ. ಬಿತ್ತು ಎಂದು ಬರೆದುಕೊಳ್ಳಬೇಕು. 20 ಸೆಂ.ಮೀ. ಬಿದ್ದಿದ್ದರೆ ನಿಮ್ಮ ಪ್ರತಿಕ್ರಿಯೆಗೆ ಸುಮಾರು 0.20 ಸೆಕೆಂಡ್ ಹಿಡಿದಿದೆ ಎಂದರ್ಥ. ಬಲಗೈಗೆ 20 ಸಲ, ಎಡಗೈಗೆ 20 ಸಲ. ಮೊದಲು ಬಲಗೈಯದ್ದನ್ನೆಲ್ಲ ಮುಗಿಸಿ ಆಮೇಲೆ ಎಡಗೈಗೆ ಬಂದರೆ ಪ್ರಯೋಗ ಕೆಡುತ್ತದೆ: ಎಡಗೈ ಬೇಗ ಹಿಡಿದರೆ ಅದು ಕೈಯ ಗುಣವೋ ಅಷ್ಟು ಹೊತ್ತಿನ ಅಭ್ಯಾಸದ ಫಲವೋ ಹೇಳಲಾಗದು. ಹಾಗಾಗಿ ಕೈ ಬದಲಿಸುತ್ತ ಹೋಗಬೇಕು. ಕೈತಪ್ಪಿ ನೆಲಕ್ಕೆ ಬಿದ್ದ ಸಲವನ್ನು ಲೆಕ್ಕದಿಂದ ಬಿಡಬೇಕೋ, 30 ಎಂದು ಬರೆಯಬೇಕೋ? ಸರಾಸರಿ ಬದಲಾಗುವುದೇ ಇಲ್ಲಿ. ಸರಾಸರಿ ಮತ್ತು ಸ್ಟ್ಯಾಂಡರ್ಡ್ ಡೀವಿಯೇಷನ್ (ಅಳತೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಲೆಕ್ಕ) ತೆಗೆದು ಒಂದು ಪುಟ ವರದಿ ಬರೆಯಿರಿ. ಉಳಿದ ಬೈಠಕ್‌ಗಳಲ್ಲಿ ಎರಡನೇ ವರ್ಷದ ಸ್ಟ್ಯಾಟಿಸ್ಟಿಕ್ಸ್ ಪುಸ್ತಕದ ಒಂದು ಅಧ್ಯಾಯ, ಕೊನೆಯ ಅಭ್ಯಾಸಗಳ ಸಮೇತ.

ಕಂಪ್ಯೂಟರ್ ಸೈನ್ಸಿಗೂ ಅದೇ 40 ಸಂಖ್ಯೆಗಳು. ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇರುವ ಸಾರ್ಟ್ ಆಜ್ಞೆಯನ್ನು ಬಳಸದೆ ಅವುಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸುವ ಪ್ರೋಗ್ರಾಂ ಬರೆಯಿರಿ. ಪ್ರತಿ ಜೋಡಿಯನ್ನೂ ಹೋಲಿಸಿದರೆ 780 ಹೋಲಿಕೆ ಬೇಕು. ಸಂಖ್ಯೆಗಳು 400 ಆದರೆ 79,800. ಸಂಖ್ಯೆ ಹತ್ತು ಪಟ್ಟು, ಕೆಲಸ ನೂರು ಪಟ್ಟಿಗಿಂತ ಹೆಚ್ಚು. ಇದನ್ನು ತಗ್ಗಿಸುವ ದಾರಿ ಹುಡುಕಿ. ಪಟ್ಟಿ ಖಾಲಿಯಿದ್ದರೆ, ಯಾರಾದರೂ ಅಂಕಿಯ ಬದಲು ಅಕ್ಷರ ಒತ್ತಿದರೆ ಏನಾಗುತ್ತದೆ, ಅದನ್ನೂ ನೋಡಿ.

ಪ್ರತಿ ಸಲವೂ ಮೂರು ವಿಷಯ ಬರೆದಿಡಿ: ಕೂತ ಎಷ್ಟು ಹೊತ್ತಿಗೆ ಮೊದಲ ಸಲ ಜಾಗ ಬಿಟ್ಟು ಎದ್ದಿರಿ, ಎಲ್ಲಿ ಸಿಕ್ಕಿಬಿದ್ದಿರಿ, ಸಿಕ್ಕಿಬಿದ್ದಾಗ ಏನು ಮಾಡಿದಿರಿ. ಮೊದಲೆರಡು ಬೈಠಕ್ಕಿನ ಉತ್ಸಾಹ ಹೊಸದರ ಉತ್ಸಾಹ, ಲೆಕ್ಕಕ್ಕಿಲ್ಲ. ಮೂರನೆಯದರಿಂದ ನೋಡಿ. ತಪ್ಪು ಎಲ್ಲಿದೆಯೆಂದು ಊಟಕ್ಕೆ ಕೂತಾಗಲೂ ತಲೆಯಲ್ಲಿ ತಿರುಗುತ್ತಿದ್ದರೆ ಆ ವಿಷಯ ನಿಮ್ಮದು. ಕಷ್ಟವಾಯಿತು ಎಂಬುದೊಂದೇ ಕಾರಣಕ್ಕೆ ಯಾವುದನ್ನೂ ಬಿಡಬೇಡಿ, ಗೊತ್ತಿಲ್ಲದ್ದು ಮೊದಲಿಗೆ ಎಲ್ಲರಿಗೂ ಕಷ್ಟವೇ.

ಪ್ರಶ್ನೆ: ಮಗನಿಗೆ ಎಲ್ಲದರಲ್ಲೂ ಒಳ್ಳೆಯ ಮಾರ್ಕ್ಸ್. ಆದರೆ ಯಾವುದು ಇಷ್ಟ ಎಂದು ಕೇಳಿದರೆ ‘ಏನೂ ಇಲ್ಲ, ನೀವೇ ಹೇಳಿ’ ಅನ್ನುತ್ತಾನೆ. ನಾವೇ ಆರಿಸಿಬಿಡೋಣವೇ?

ಉತ್ತರ: ಬೇಡ. ಆದರೆ ಕೈಕಟ್ಟಿ ಕೂರುವುದೂ ಬೇಡ. ನಿಮ್ಮ ಮಗನಂಥವರಿಗೆ ‘ಯಾವುದು ಇಷ್ಟ’ ಎಂಬ ಪ್ರಶ್ನೆಗಿಂತ ‘ಯಾವುದು ಖಂಡಿತ ಬೇಡ’ ಎಂಬುದು ಸುಲಭ. ಒಂದು ಕಾಲೇಜಿನ ಕೋರ್ಸುಗಳ ಪಟ್ಟಿ ಕೊಟ್ಟು ಬೇಡದ್ದನ್ನು ಹೊಡೆದು ಹಾಕಲು ಹೇಳಿ, ಪಕ್ಕದಲ್ಲಿ ಕಾರಣ ಬರೆಯಲಿ. ‘ಲ್ಯಾಬಿನಲ್ಲಿ ನಿಂತುಕೊಂಡಿರುವುದು ಆಗದು’, ‘ದಿನವಿಡೀ ಓದಿ ಬರೆಯುವುದು ಆಗದು’ ಎಂಬ ಕಾರಣಗಳಲ್ಲೇ ಹುಡುಗ ಎಂಥವನೆಂದು ಕಾಣತೊಡಗುತ್ತದೆ. ಪಟ್ಟಿ ಐದು ಕೋರ್ಸಿಗೆ ಇಳಿದ ಮೇಲೆ ಮೇಲಿನ ಉತ್ತರದಲ್ಲಿ ಹೇಳಿದಂಥ ಪರೀಕ್ಷೆ ಮಾಡಲಿ.

ನೀವು ನೋಡಬೇಕಾದದ್ದು ಮುಚ್ಚಿಹೋಗುವ ಬಾಗಿಲುಗಳನ್ನು. ವೈದ್ಯಕೀಯ, ನರ್ಸಿಂಗ್, ಫಾರ್ಮಸಿ, ಆರ್ಕಿಟೆಕ್ಚರ್‌ನಂಥ ಪರವಾನಗಿ ಬೇಕಾದ ವೃತ್ತಿಗಳಿಗೆ ಆಯಾ ಮಾನ್ಯತೆಯ ಪದವಿಯೇ ಆಗಬೇಕು, ಬೇರೆ ದಾರಿಯಿಂದ ಹೋಗುವುದು ಬಲು ಕಷ್ಟ. ಮಾರ್ಕೆಟಿಂಗ್, ಪತ್ರಿಕೋದ್ಯಮ, ಆಡಳಿತ ಹಾಗಲ್ಲ, ಹಲವು ವಿಷಯ ಓದಿದವರು ಅಲ್ಲಿಗೆ ಬರುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು ಗಣಿತ. ಅದನ್ನು ಈಗ ಬಿಟ್ಟರೆ ಎಂಜಿನಿಯರಿಂಗ್, ಭೌತಶಾಸ್ತ್ರ ಮಾತ್ರವಲ್ಲ, ಎಷ್ಟೋ ಕಡೆ ಅರ್ಥಶಾಸ್ತ್ರದ ಬಾಗಿಲೂ ಮುಚ್ಚುತ್ತದೆ. ನಿರ್ಧಾರವಾಗದ ಹುಡುಗ ಗಣಿತ ಬಿಡದಿರುವುದು ಒಳ್ಳೆಯದು.

ಅವನು ಮೂವರನ್ನು ಮಾತಾಡಿಸಲಿ: ಆ ವಿಷಯದ ಎರಡನೇ ವರ್ಷದ ವಿದ್ಯಾರ್ಥಿ, ಓದು ಮುಗಿಸಿ ಮೂರು-ನಾಲ್ಕು ವರ್ಷ ಕೆಲಸ ಮಾಡಿದವರು, ಅದನ್ನು ಅರ್ಧಕ್ಕೆ ಬಿಟ್ಟವರು. ‘ಈ ಫೀಲ್ಡ್ ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ, ಅದರಿಂದ ಉಪಯೋಗವಿಲ್ಲ. ‘ಕಳೆದ ಸೋಮವಾರ ಬೆಳಗ್ಗೆಯಿಂದ ಸಂಜೆವರೆಗೆ ಏನೇನು ಮಾಡಿದಿರಿ?’ ಎಂದು ಕೇಳಲಿ. ಬಿಟ್ಟವರ ಮಾತು ಕೇಳಿಸಿಕೊಳ್ಳಲು ಜನ ಹಿಂಜರಿಯುತ್ತಾರೆ, ಆದರೆ ಬೇರೆಲ್ಲೂ ಸಿಗದ ವಿವರ ಸಿಗುವುದು ಅವರ ಹತ್ತಿರ.

ದುಡ್ಡಿನ ಮಾತನ್ನು ಮೊದಲೇ ಆಡಿಬಿಡಿ: ಒಟ್ಟು ಎಷ್ಟು ಖರ್ಚು ಮಾಡಬಲ್ಲಿರಿ, ಸಾಲ ಎಷ್ಟರವರೆಗೆ, ಎಷ್ಟು ವರ್ಷ. ಮಗ ಆರಿಸಿ ಆದ ಮೇಲೆ ಇದನ್ನು ಹೇಳಿದರೆ ಅವನಿಗೆ ಅದು ನಿರಾಕರಣೆಯಾಗಿ ಕೇಳಿಸುತ್ತದೆ. ಮೊದಲೇ ಹೇಳಿದರೆ ಬರೀ ಒಂದು ಮಿತಿ.

ಪ್ರಶ್ನೆ: ಸೇರಿದ ಮೇಲೆ ತಪ್ಪು ಆಯ್ಕೆ ಅನ್ನಿಸಿದರೆ ಏನು ಮಾಡುವುದು?

ಉತ್ತರ: ಬೇಸರ ಯಾವುದರ ಮೇಲೆ ಎಂದು ಮೊದಲು ಬೇರ್ಪಡಿಸಿ. ಎಲ್ಲ ಪೇಪರುಗಳೂ ಭಾರವೆನಿಸಿದರೆ, ನಿದ್ದೆ-ಊಟ ಕೆಟ್ಟಿದ್ದರೆ ತೊಂದರೆ ವಿಷಯದ್ದಾಗಿರಲಿಕ್ಕಿಲ್ಲ, ಹೊಸ ಜಾಗದ್ದೋ ಒಂಟಿತನದ್ದೋ ಇರಬಹುದು. ವಿಷಯ ಬದಲಿಸಿದರೂ ಅದು ಬೆನ್ನ ಹಿಂದೆಯೇ ಬರುತ್ತದೆ. ಮುಖ್ಯ ವಿಷಯವೊಂದೇ ಬೇಡವೆನಿಸಿ, ಉಳಿದವು ಚೆನ್ನಾಗಿ ಸಾಗುತ್ತಿದ್ದರೆ ಬದಲಿಸುವ ಯೋಚನೆ ಮಾಡಿ.

ಬದಲಿಸುವುದಿದ್ದರೆ ಮೊದಲ ವರ್ಷದೊಳಗೆ. ಭಾಷೆ, ಗಣಿತದಂಥ ಸಾಮಾನ್ಯ ಪೇಪರುಗಳು ಹೊಸ ಕೋರ್ಸಿಗೂ ಲೆಕ್ಕಕ್ಕೆ ಬರುವ ಸಾಧ್ಯತೆ ಇರುವುದು ಆಗಲೇ. ತಡವಾದಷ್ಟೂ ಹಳೆಯ ಕ್ರೆಡಿಟ್ ವ್ಯರ್ಥವಾಗುತ್ತ ಹೋಗುತ್ತದೆ. ಯಾವ ಪೇಪರ್ ಹೊಂದುತ್ತದೆ, ಯಾವುದು ಹೊಂದುವುದಿಲ್ಲ, ಸ್ಕಾಲರ್‌ಶಿಪ್ ಉಳಿಯುತ್ತದೆಯೇ ಎಂಬುದನ್ನು ಕಾಲೇಜಿನಿಂದ ಬರಹದಲ್ಲಿ ಪಡೆದುಕೊಳ್ಳಿ. ಹೊಸ ಕೋರ್ಸಿನಲ್ಲಿ ಸೀಟು ಖಾತ್ರಿಯಾಗುವ ತನಕ ಹಳೆಯದರ ಹಾಜರಾತಿ ತಪ್ಪಿಸಬೇಡಿ.