ಮೇರಿಮಾತೆಯ ಕಾಲಬಳಿ ಮಂಗ ಯಾಕೆ?

ಪ್ರಶ್ನೆ: ಪಕ್ಕದ ಮನೆಯ ಬಾಯಮ್ಮ ಹಳೇ ಮನೆ ಕೆಡವಿಸುವಾಗ ಪೆಟ್ಟಿಗೆಯಲ್ಲಿ ಒಂದು ಚಿತ್ರ ಸಿಕ್ಕಿತು. ಮೇರಿಮಾತೆ, ಮಡಿಲಲ್ಲಿ ಬಾಲಯೇಸು, ಕೆಳಗೆ ಕಟ್ಟಿಹಾಕಿದ ಒಂದು ಮಂಗ! ಬಣ್ಣ ಇಲ್ಲ, ಬರೀ ಕಪ್ಪು ಗೆರೆ. ಅಡಿಯಲ್ಲಿ ದೊಡ್ಡ 'ಎ', ಅದರ ಕಾಲುಗಳ ನಡುವೆ ಸಣ್ಣ 'ಡಿ'. ಐನೂರು ವರ್ಷ ಹಳೆಯದು, ಲಕ್ಷಗಟ್ಟಲೆ ಸಿಗುತ್ತದೆ ಅಂತ ಅವರ ಮಗ ಹೇಳುತ್ತಾನೆ. ನಿಜವಾ? — ಓದುಗರು, ಬೇಳ, ಕಾಸರಗೋಡು

ಉತ್ತರ: ಚಿತ್ರ ಯಾರದ್ದು ಅನ್ನುವುದರಲ್ಲಿ ಸಂಶಯ ಇಲ್ಲ. ಜರ್ಮನಿಯ ನ್ಯೂರೆಂಬರ್ಗಿನ ಆಲ್ಬ್ರೆಕ್ಟ್ ಡ್ಯೂರರ್ 1498ರ ಸುಮಾರಿಗೆ ತಾಮ್ರದ ತಗಡಿನಲ್ಲಿ ಕೊರೆದದ್ದು. ಅವನು ಅಕ್ಕಸಾಲಿಗನ ಮಗ, ಲೋಹ ಕೊರೆಯುವುದು ಮನೆಕಸುಬು. ಮಂಗ ಅಂದರೆ ಆಸೆ, ಚಪಲ. ಅದು ತಾಯಿಯ ಕಾಲಬಳಿ ಕಟ್ಟಿಬಿದ್ದಿದೆ ಅಂತ ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಮಗುವಿನ ಕೈಯಲ್ಲಿರುವ ಹಕ್ಕಿಯನ್ನೂ ನೋಡಿ, ಚೆನ್ನಾಗಿದೆ.

ಆದರೆ ಅವನ ಹೆಸರಿನ ಮೊದಲಕ್ಷರಗಳಾದ ಆ ಎ-ಡಿ ಗುರುತು ನೋಡಿ ಲಕ್ಷದ ಲೆಕ್ಕ ಹಾಕಬೇಡಿ. ಅದನ್ನು ಡ್ಯೂರರ್ ಬದುಕಿದ್ದಾಗಲೇ ಕದ್ದಿದ್ದರು! ಅವನ ಮೇರಿಚರಿತ್ರೆಯ ಮರದಚ್ಚಿನ ಚಿತ್ರಗಳನ್ನು ಇಟಲಿಯ ಮಾರ್ಕಾಂಟೋನಿಯೊ ರೈಮೊಂಡಿ ತಾಮ್ರದಲ್ಲಿ ನಕಲು ಕೊರೆದು, ಗುರುತನ್ನೂ ಹಾಗೇ ಇಳಿಸಿದ. ಡ್ಯೂರರ್ ವೆನಿಸ್ ಸರಕಾರಕ್ಕೆ ದೂರು ಕೊಟ್ಟನಂತೆ, ಚಿತ್ರ ನಕಲು ಮಾಡಿದರೆ ಅಡ್ಡಿಯಿಲ್ಲ, ಗುರುತು ಮಾತ್ರ ಹಾಕಬಾರದು ಅಂತ ತೀರ್ಪಾಯಿತಂತೆ. ಇದು ಕಲಾವಿದರ ಜೀವನಚರಿತ್ರೆ ಬರೆದ ಇಟಲಿಯ ವಸಾರಿ ಬರೆದಿಟ್ಟ ಕತೆ.

ಹಾಗಾಗಿ ಗುರುತು ಬಿಡಿ, ಗೆರೆ ನೋಡಿ. ಒಳ್ಳೆಯ ಭೂತಗನ್ನಡಿ ಹಿಡಿದರೆ ನೆರಳಿನ ಜಾಗದಲ್ಲಿ ಸಣ್ಣ ಸಣ್ಣ ಚುಕ್ಕೆಗಳ ಸಾಲು ಕಾಣುತ್ತದಾ? ಹಾಗಾದರೆ ಅದು ಪುಸ್ತಕದ್ದೋ ಕ್ಯಾಲೆಂಡರಿನದ್ದೋ ಹಾಳೆ, ಅಲ್ಲಿಗೆ ಮುಗಿಯಿತು. ತಾಮ್ರದಚ್ಚಿನಲ್ಲಿ ಚುಕ್ಕೆಯ ಜಾಲ ಇರುವುದಿಲ್ಲ. ಕೊರೆದ ಗೀರಿಗೆ ಶಾಯಿ ತುಂಬಿ, ಮೇಲಿನದ್ದನ್ನು ಒರೆಸಿ, ಒದ್ದೆ ಕಾಗದ ಇಟ್ಟು ಉರುಳೆಯಡಿ ಒತ್ತುತ್ತಿದ್ದರು. ಕಾಗದ ಗೀರಿನೊಳಗಿಂದ ಶಾಯಿ ಎತ್ತಿಕೊಳ್ಳುವುದರಿಂದ ಓರೆ ಬೆಳಕಿನಲ್ಲಿ ಗೆರೆ ಕೂದಲೆಳೆಯಷ್ಟು ಉಬ್ಬಿ ಕಾಣುತ್ತದೆ. ಸುತ್ತ ತಗಡಿನಂಚು ಒತ್ತಿದ ಗುರುತೂ ಇರಬಹುದು, ಆದರೆ ಎಷ್ಟೋ ಹಳೆಯ ಪ್ರತಿಗಳ ಅಂಚು ಕತ್ತರಿಸಿ ಹೋಗಿದೆ. ಅಳತೆ ಸುಮಾರು 19 ಸೆಂಟಿಮೀಟರ್ ಎತ್ತರ, 12 ಅಗಲ. ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ನಕಲೇ.

ಕಾಗದವನ್ನು ಬೆಳಕಿಗೆ ಹಿಡಿಯಿರಿ. ಆಗಿನದ್ದು ಬಟ್ಟೆಚಿಂದಿಯ ಕಾಗದ, ಒಳಗೆ ತಂತಿಜಾಲರಿಯ ಗೆರೆ ಕಾಣುತ್ತದೆ. ಹಳದಿಯಾಗಿ ಪುಡಿಪುಡಿ ಆಗುತ್ತಿದ್ದರೆ ಮರದ ತಿರುಳಿನ ಕಾಗದ, ಅದು ಬಂದದ್ದೇ 19ನೇ ಶತಮಾನದಲ್ಲಿ. ಇಷ್ಟೆಲ್ಲ ಸರಿಹೋದರೂ ಖುಷಿಪಡಬೇಡಿ, ಅದೇ ಶತಮಾನದಲ್ಲಿ ಫೋಟೋ ತೆಗೆದು ತಾಮ್ರದ ತಗಡು ಮಾಡಿ ಒತ್ತಿದ ಭಾರೀ ಚೊಕ್ಕ ನಕಲುಗಳೂ ಇವೆ. ಕೊನೆಯ ಮಾತು ಹೇಳಬೇಕಾದ್ದು ಚಿತ್ರ ಕೈಯಲ್ಲಿ ಹಿಡಿದು ನೋಡಿದ ತಜ್ಞರೇ, ವಾಟ್ಸಾಪ್ ಫೋಟೋ ನೋಡಿದ ನಾನಲ್ಲ.

ಅಲ್ಲಿಯವರೆಗೆ ಲ್ಯಾಮಿನೇಶನ್ ಮಾಡಿಸಬೇಡಿ, ಸೆಲ್ಲೋಟೇಪ್ ಅಂಟಿಸಬೇಡಿ. ನಿಮ್ಮ ಕಡೆಯ ಮಳೆಗಾಲ ಗೊತ್ತಲ್ವಾ, ಗೋಡೆಗೆ ತಾಗಿಸಿ ನೇತುಹಾಕಿದರೆ ಆಟಿ ಕಳೆಯುವುದರೊಳಗೆ ಬೂಸ್ಟು ಹಿಡಿಯುತ್ತದೆ.