ಹ್ಯಾಂಡ್ಲರ್ ಮುಗಿದರೂ ಇಂಟರಪ್ಟ್ ನಿಲ್ಲುತ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ರಾಸ್ಪ್‌ಬೆರಿ ಪೈಗೆ ಒಂದು ಟಚ್ ಚಿಪ್ ಜೋಡಿಸಿ ಅದಕ್ಕೆ ಲಿನಕ್ಸ್ ಡ್ರೈವರ್ ಬರೆಯುತ್ತಿದ್ದೇನೆ. ಚಿಪ್ ಇರುವುದು ಐ2ಸಿ ಬಸ್ (ಚಿಪ್‌ಗಳನ್ನು ಜೋಡಿಸುವ ಎರಡು ತಂತಿಯ ಸಂಪರ್ಕ) ಮೇಲೆ. ಮೊದಲು ಇಂಟರಪ್ಟ್ (ಚಿಪ್ ಸಿಪಿಯುವನ್ನು ಕರೆಯುವ ಸಂಕೇತ) ಬಂದಾಗ ಓಡುವ ಹ್ಯಾಂಡ್ಲರ್ ಒಳಗೇ, ಏನಾಯಿತು ಅಂತ ಹೇಳುವ ಸ್ಟೇಟಸ್ ರಿಜಿಸ್ಟರ್ ಓದಿದೆ. 'ಶೆಡ್ಯೂಲಿಂಗ್ ವೈಲ್ ಅಟಾಮಿಕ್' ಅಂತ ಕರ್ನಲ್ ಬೈದಿತು. ಓದುವ ಕೆಲಸವನ್ನು ವರ್ಕ್‌ಕ್ಯೂಗೆ (ಆಮೇಲೆ ಮಾಡುವ ಕೆಲಸಗಳ ಸಾಲಿಗೆ) ಹಾಕಿದೆ. ಈಗ ಪರದೆ ಮುಟ್ಟಿದರೆ ಸಾಕು, ಬೋರ್ಡೇ ಹ್ಯಾಂಗ್ ಆಗುತ್ತದೆ. ಲೆವೆಲ್ (ಇಂಟರಪ್ಟ್ ತಂತಿಯ ವೋಲ್ಟೇಜ್ ಕೆಳಗಿರುವಷ್ಟು ಹೊತ್ತೂ ಬರುವುದು) ಬಿಟ್ಟು ಎಡ್ಜ್ (ಅದು ಕೆಳಗಿಳಿಯುವ ಕ್ಷಣಕ್ಕೆ ಮಾತ್ರ ಬರುವುದು) ಇಂಟರಪ್ಟ್ ಮಾಡು ಅಂತಾನೆ ಗೆಳೆಯ. ಮಾಡಲೇ?

ಉತ್ತರ: ಬೇಡ. ಎಡ್ಜ್ ಮಾಡಿದರೆ ಹ್ಯಾಂಗ್ ತಪ್ಪುತ್ತದೆ, ನಿಜ. ಆದರೆ ತಂತಿ ಇನ್ನೂ ಕೆಳಗೇ ಇರುವಾಗ ಇನ್ನೊಂದು ಟಚ್ ಬಂದರೆ ಹೊಸ ಎಡ್ಜ್ ಹುಟ್ಟುವುದೇ ಇಲ್ಲ. ಯಾವಾಗಲೋ ಒಮ್ಮೆ ಪರದೆ ಸುಮ್ನೆ ಸತ್ತಂತೆ ಕೂರುತ್ತದೆ. ಅಂಥ ಬಗ್ ಹಿಡಿಯುವುದು ಇದಕ್ಕಿಂತ ಜಾಸ್ತಿ ಕಷ್ಟ.

ಮೊದಲ ಬೈಗುಳದ ಕಾರಣ ನೋಡಿ. ಐ2ಸಿ ನಿಧಾನದ ಬಸ್. 100 ಕಿಲೋಹರ್ಟ್ಸ್‌ನಲ್ಲಿ ಒಂದು ರಿಜಿಸ್ಟರ್ ಓದಲು ನಾಲ್ಕು ಬೈಟ್ ಓಡಾಡಬೇಕು, ಬೈಟಿಗೆ 9 ಕ್ಲಾಕ್. ಅಲ್ಲಿಗೆ ಸುಮಾರು 360 ಮೈಕ್ರೋಸೆಕೆಂಡ್ ಆಯಿತು. ಅಷ್ಟು ಹೊತ್ತು ಕರ್ನಲ್ ಸಿಪಿಯುವನ್ನು ಬೇರೆಯವರಿಗೆ ಕೊಟ್ಟು ನಿದ್ದೆ ಹೋಗುತ್ತದೆ. ಇಂಟರಪ್ಟ್ ಹ್ಯಾಂಡ್ಲರ್ ಒಳಗೆ ನಿದ್ದೆಗೆ ಅವಕಾಶವೇ ಇಲ್ಲ.

ಇನ್ನು ಹ್ಯಾಂಗ್. ನಿಮ್ಮ ಚಿಪ್ ತಂತಿಯನ್ನು ಕೆಳಗೆ ಎಳೆದು ಹಿಡಿದಿರುತ್ತದೆ. ಸ್ಟೇಟಸ್ ಓದುವವರೆಗೂ ಬಿಡುವುದಿಲ್ಲ. ನೀವು ಓದುವುದನ್ನು ವರ್ಕ್‌ಕ್ಯೂಗೆ ತಳ್ಳಿ ಹ್ಯಾಂಡ್ಲರ್‌ನಿಂದ ಹೊರಬಂದಿರಿ. ತಂತಿ ಇನ್ನೂ ಕೆಳಗೇ ಇದೆ ಅಲ್ವಾ? ಮರುಕ್ಷಣವೇ ಮತ್ತೆ ಇಂಟರಪ್ಟ್. ಅದೇ ಸಿಪಿಯು ಮೇಲೆ ಸರದಿಗೆ ಕಾದಿರುವ ನಿಮ್ಮ ವರ್ಕ್‌ಗೆ ಓಡಲು ಜಾಗವೇ ಸಿಗುವುದಿಲ್ಲ. ಇಂಥ ಸುರಿಮಳೆ ತಡೆಯಲು ಕರ್ನಲ್‌ನಲ್ಲಿ ಒಂದು ಕಾವಲು ಇದೆ. ಒಂದು ಲಕ್ಷ ಇಂಟರಪ್ಟ್‌ಗಳಲ್ಲಿ 99,900ಕ್ಕಿಂತ ಹೆಚ್ಚನ್ನು ಯಾರೂ 'ನನ್ನದು' ಅನ್ನದಿದ್ದರೆ ಆ ಲೈನನ್ನೇ ಮುಚ್ಚುತ್ತದೆ. ಆದರೆ ನೀವು ಪ್ರತಿ ಸಲ 'ಐಆರ್‌ಕ್ಯೂ_ಹ್ಯಾಂಡಲ್ಡ್' (ನನ್ನದೇ, ನೋಡಿಕೊಂಡೆ) ಅಂತ ವಾಪಸ್ ಕೊಡುತ್ತಿದ್ದೀರಿ. ಕಾವಲುಗಾರ ನಂಬಿಬಿಡುತ್ತಾನೆ!

ದಾರಿ ಥ್ರೆಡೆಡ್ ಇಂಟರಪ್ಟ್, ಅಂದರೆ ನಿದ್ದೆ ಹೋಗಬಲ್ಲ ಥ್ರೆಡ್‌ನಲ್ಲಿ ಓಡುವ ಹ್ಯಾಂಡ್ಲರ್. 2009ರ 2.6.30 ಕರ್ನಲ್‌ನಿಂದಲೇ ಇದೆ. 'ಡೆವ್‌ಎಂ_ರಿಕ್ವೆಸ್ಟ್_ಥ್ರೆಡೆಡ್_ಐಆರ್‌ಕ್ಯೂ' ಕರೆಯಿರಿ. ಮೊದಲ ಹ್ಯಾಂಡ್ಲರ್ ಜಾಗಕ್ಕೆ 'ನಲ್' ಕೊಡಿ, ಐ2ಸಿ ಓದುವ ಫಂಕ್ಷನ್ ಅನ್ನು ಥ್ರೆಡ್ ಜಾಗಕ್ಕೆ ಕೊಡಿ. ಫ್ಲ್ಯಾಗ್‌ನಲ್ಲಿ 'ಐಆರ್‌ಕ್ಯೂಎಫ್_ಒನ್‌ಶಾಟ್' ಸೇರಿಸಿ. ಥ್ರೆಡ್ ಮುಗಿಯುವವರೆಗೆ ಲೈನ್ ಮುಚ್ಚಿಯೇ ಇರುತ್ತದೆ, ನಿಮಗೆ ಬೇಕಿದ್ದದ್ದೂ ಅದೇ. ಈ ಫ್ಲ್ಯಾಗ್ ಮರೆತರೆ ಸಾಮಾನ್ಯವಾಗಿ ಕರ್ನಲ್ 'ಇಐಎನ್‌ವಿಎಎಲ್' ಅನ್ನುವ ದೋಷ ಕೊಟ್ಟು ವಾಪಸ್ ಕಳಿಸುತ್ತದೆ. ಒಳ್ಳೆಯದೇ.

ಥ್ರೆಡ್ ಒಳಗೆ ಓದಿದ ಸ್ಟೇಟಸ್ ಖಾಲಿಯಿದ್ದರೆ 'ಐಆರ್‌ಕ್ಯೂ_ನನ್' (ನನ್ನದಲ್ಲ) ಅಂತ ಪ್ರಾಮಾಣಿಕವಾಗಿ ಹೇಳಿ. ಕೆಲವು ಚಿಪ್‌ಗಳಲ್ಲಿ ಓದಿದರಷ್ಟೇ ಸಾಲದು, ಆ ಬಿಟ್‌ಗೆ 1 ಬರೆದರೆ ಮಾತ್ರ ತಂತಿ ಬಿಡುತ್ತದೆ. ಡೇಟಾಶೀಟ್ ನೋಡಿಕೊಳ್ಳಿ.

ಪ್ರಶ್ನೆ: ನನ್ನ ಡ್ರೈವರ್ ಚೆನ್ನಾಗಿ ಓಡುತ್ತದೆ. ಆದರೆ ಆರ್‌ಎಂಮಾಡ್ (ಡ್ರೈವರ್ ತೆಗೆಯುವ ಆಜ್ಞೆ) ಕೊಟ್ಟಾಗ ಅಪರೂಪಕ್ಕೆ ಕರ್ನಲ್ ಕ್ರ್ಯಾಶ್ ಆಗುತ್ತದೆ. ರಿಮೂವ್ ಫಂಕ್ಷನ್‌ನಲ್ಲಿ ಇರುವುದು ಬಫರ್ ಬಿಡುವ 'ಕೆಫ್ರೀ' ಒಂದೇ ಸಾಲು. ಇಂಟರಪ್ಟ್ ಅನ್ನು ಡೆವ್‌ಎಂ (ಡ್ರೈವರ್ ತಗೊಂಡದ್ದನ್ನು ತಾನೇ ಬಿಡಿಸುವ ಕರ್ನಲ್ ವ್ಯವಸ್ಥೆ) ನೋಡಿಕೊಳ್ಳುತ್ತದೆ.

ಉತ್ತರ: ಆ ಒಂದು ಸಾಲಿನದ್ದೇ ತೊಂದರೆ. ಡೆವ್‌ಎಂ ಇಂಟರಪ್ಟ್ ಬಿಡಿಸುವುದು ರಿಮೂವ್ ಮುಗಿದ ಮೇಲೆ. ನಡುವೆ ಒಂದು ಇಂಟರಪ್ಟ್ ಬಂದರೆ ಹ್ಯಾಂಡ್ಲರ್ ಆಗಲೇ ಬಿಟ್ಟುಕೊಟ್ಟ ಬಫರ್‌ಗೆ ಕೈ ಹಾಕುತ್ತದೆ. ಬಫರ್ ಅನ್ನೂ 'ಡೆವ್‌ಎಂ_ಕೆಝಡ್‌ಅಲಾಕ್'ನಿಂದ ತಗೊಳ್ಳಿ, ಇಂಟರಪ್ಟ್ ಕೇಳುವ ಮೊದಲೇ ತಗೊಳ್ಳಿ. ಡೆವ್‌ಎಂ ತಗೊಂಡದ್ದನ್ನು ಹಿಂದಿನಿಂದ ಮುಂದಕ್ಕೆ ಬಿಡುತ್ತದೆ. ಹಾಗಾಗಿ ಇಂಟರಪ್ಟ್ ಮೊದಲು ಹೋಗುತ್ತದೆ, ಓಡುತ್ತಿರುವ ಹ್ಯಾಂಡ್ಲರ್ ಮುಗಿಯುವವರೆಗೆ ಕಾಯುತ್ತದೆ, ಆಮೇಲೆ ಬಫರ್. 'ಕೆಫ್ರೀ' ಸಾಲನ್ನು ಅಳಿಸಲು ಮರೆಯಬೇಡಿ, ಇಲ್ಲದಿದ್ದರೆ ಒಂದೇ ಬಫರ್ ಎರಡು ಸಲ ಬಿಟ್ಟಂತಾಗುತ್ತದೆ.