ಸಂಪಾದಕರ ಉತ್ತರ: ಗಟ್ಟಿ ಆಳು ಬಂದ್ರೆ ವಾಯ್ದೆ ತಪ್ಪುತ್ತಾ?

ಮದ್ದೂರಿನ ಓದುಗರಿಗೆ ನಮಸ್ಕಾರ. ತಾತನ ಕಾಲದ ಜಮೀನು ಕೇಸು ಇನ್ನೂ ವಾಯ್ದೆ ಮೇಲೆ ವಾಯ್ದೆ ಬೀಳ್ತಿದೆ, ಸಾಕು ಈ ಡೆಮಾಕ್ರಸಿ, ಸಿಂಗಾಪುರದ ಥರ ಗಟ್ಟಿ ಆಳೊಬ್ಬ ಬಂದ್ರೆ ಕಾನೂನು ತಾನಾಗೇ ನೆಟ್ಟಗಾಗುತ್ತೆ ಅಂತ ಬರೆದಿದ್ದೀರಿ. ವಾಯ್ದೆ ಬಗ್ಗೆ ನಿಮ್ಮ ಸಿಟ್ಟಿಗೆ ನನ್ನದೇನೂ ತಕರಾರಿಲ್ಲ.

ಆದ್ರೆ ಸಿಂಗಾಪುರದ ಪೂರ್ತಿ ಕಥೆ ಕೇಳಿ. ವ್ಯಾಪಾರದ ಕೇಸು ಬೇಗ ಮುಗಿಯುತ್ತೆ, ಲಂಚ ಕಮ್ಮಿ, ನಿಜ. 1988ರ ಡಿಸೆಂಬರ್‌ನಲ್ಲಿ ಅಲ್ಲಿನ ಅಪೀಲು ಕೋರ್ಟು, ವಿಚಾರಣೆನೇ ಇಲ್ದೆ ಒಳಗೆ ಹಾಕಿದ್ರೆ ಸರ್ಕಾರ ಕೊಡೋ ಕಾರಣ ಸರಿನಾ ಅಂತ ನಾವು ನೋಡ್ಬಹುದು ಅಂತು, ಒಳಗಿದ್ದವ್ರನ್ನ ಬಿಡಿ ಅಂತು, ಬಿಟ್ರು, ಬಿಟ್ಟ ಕೂಡ್ಲೇ ಮತ್ತೆ ಅರೆಸ್ಟ್ ಮಾಡಿದ್ರು, ಜನವರಿಯಲ್ಲಿ ಸಂವಿಧಾನಾನೇ ತಿದ್ದಿ ಕೋರ್ಟಿನ ಕೈ ಕಟ್ಟಿಬಿಟ್ರು. ಎಲ್ಲಾ ಕಾನೂನು ಪ್ರಕಾರನೇ ಕಣ್ರೀ! ಪಕ್ಕದ ಜಮೀನಿನವನ ಮೇಲೆ ಗೆಲ್ಲಬಹುದು, ಸರ್ಕಾರದ ಮೇಲೆ ಗೆದ್ರೆ ರೂಲೇ ಚೇಂಜ್.

ಹಂಗಂತ ಇಂಥ ಗಟ್ಟಿ ಆಳುಗಳಿಗೆ ಕೋರ್ಟು ಬೇಡ ಅಂತಲ್ಲ, ಬೇಕೇ ಬೇಕು. ಈಜಿಪ್ಟ್‌ನಲ್ಲಿ 1979ರಲ್ಲಿ ಸಾಂವಿಧಾನಿಕ ಕೋರ್ಟು ಶುರು ಮಾಡಿದ್ದೇ ಆಸ್ತಿ ಕಿತ್ಕೊಳ್ಳಲ್ಲ ಅಂತ ಫಾರಿನ್ ಬಂಡವಾಳದವ್ರಿಗೆ ಧೈರ್ಯ ಕೊಡೋಕೆ. ಆ ಕೋರ್ಟು 1987, 1990ರಲ್ಲಿ ಎಲೆಕ್ಷನ್ ಕಾನೂನನ್ನೇ ಹೊಡೆದುಹಾಕ್ತು. 2001ರಲ್ಲಿ ಅಲ್ಲಿನ ಅಧ್ಯಕ್ಷ ಮುಬಾರಕ್ ಕೋರ್ಟಿನ ಹೊರಗಿಂದ ತನಗೆ ಬೇಕಾದವ್ರನ್ನ ತಂದು ಮುಖ್ಯಸ್ಥರ ಕುರ್ಚಿ ಮೇಲೆ ಕೂರಿಸಿದ್ರು.

ನಮ್ಮದೇನು ಕಮ್ಮಿನಾ, 1976ರ ಏಪ್ರಿಲ್‌ನಲ್ಲಿ ಎಮರ್ಜೆನ್ಸಿ ಟೈಮಲ್ಲಿ ಬಂಧನಕ್ಕೊಳಗಾದವ್ರು ಕೋರ್ಟಿಗೆ ಬರೋ ಹಂಗಿಲ್ಲ ಅಂತ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಜಡ್ಜುಗಳು ಒಪ್ಪಿಬಿಟ್ರು. ಆಗಲ್ಲ ಅಂದಿದ್ದು ಖನ್ನಾ ಒಬ್ರೇ, ಅವ್ರಿಗೆ ಚೀಫ್ ಜಸ್ಟಿಸ್ ಪಟ್ಟ ತಪ್ಪಿತು. ಆ ತೀರ್ಪು ರದ್ದಾಗೋಕೆ 2017 ಬರಬೇಕಾಯ್ತು, ಅದೂ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ಜಡ್ಜು ಪುಟ್ಟಸ್ವಾಮಿಯವರು ಹಾಕಿದ ಖಾಸಗಿತನದ ಕೇಸಲ್ಲಿ.

ನಿಮ್ಮ ತಾಲ್ಲೂಕಿನ ಶಿವಪುರನೇ ನೋಡಿ. ಆಗಿನ ಮೈಸೂರಿಗೆ ಮಾದರಿ ಸಂಸ್ಥಾನ ಅಂತ ಹೆಸರು, 1881ರಿಂದ ಪ್ರಜಾಪ್ರತಿನಿಧಿ ಸಭೆ, ಕೋರ್ಟು, ದಿವಾನರು ಎಲ್ಲಾ ಇದ್ರು. 1938ರಲ್ಲಿ ಶಿವಪುರದಲ್ಲಿ ಕಾಂಗ್ರೆಸ್ ಬಾವುಟ ಹಾರಿಸ್ತೀವಿ ಅಂದವ್ರಿಗೆ ಸಿಕ್ಕಿದ್ದು ನಿಷೇಧಾಜ್ಞೆ, ಅರೆಸ್ಟು. ಆಜ್ಞೆ ಹೊರಡಿಸಿದ್ದೂ ಗಟ್ಟಿ ಆಳ್ವಿಕೆನೇ ಸ್ವಾಮಿ.

ಇನ್ನು ನಿಮ್ಮ ಕೇಸು. ಸಿವಿಲ್ ಪ್ರೊಸೀಜರ್ ಕೋಡ್‌ನ 17ನೇ ಆರ್ಡರಲ್ಲಿ ವಿಚಾರಣೆ ವೇಳೆ ಒಂದು ಪಾರ್ಟಿಗೆ ಮೂರಕ್ಕಿಂತ ಹೆಚ್ಚು ವಾಯ್ದೆ ಕೊಡಬಾರದು ಅಂತ ಇದೆ, ತೀರಾ ಕಷ್ಟದ ಸಂದರ್ಭಕ್ಕೆ ಸುಪ್ರೀಂ ಕೋರ್ಟು ಸ್ವಲ್ಪ ಸಡಿಲ ಮಾಡಿದೆ ಅಷ್ಟೇ. ನಿಮ್ಮ ಕೇಸಲ್ಲಿ ವಾಯ್ದೆ ಕೇಳ್ತಿರೋದು ಎದುರು ಪಾರ್ಟಿನಾ ಇಲ್ಲ ನಿಮ್ಮ ಲಾಯರೇನಾ, ಆರ್ಡರ್ ಶೀಟ್ (ಪ್ರತಿ ವಾಯ್ದೆಲಿ ಏನಾಯ್ತು ಅಂತ ಕೋರ್ಟು ಬರೆದಿಡೋ ಹಾಳೆ) ಕಾಪಿ ತೆಗೆಸಿ ನೋಡಿ. ಎಷ್ಟೋ ಕೇಸಲ್ಲಿ ಎರಡನೇದೇ ಇರುತ್ತೆ.